ಎರಡು ಕಾಲಿಗೆ ಒಂದು ತಾಸಿನ ರಜೆ

ಮನುಷ್ಯ ಮಾಡಿದ ಯಾವ ಯಂತ್ರವೂ ಈ ಪ್ರಭುಲಿಂಗನ ಎದುರು ಎರಡು ದಿನಕ್ಕಿಂತ ಹೆಚ್ಚು ಹಟ ಹಿಡಿದ ಇತಿಹಾಸವಿಲ್ಲ!

ಹೀಗೆಂದು ನಾನು ಘೋಷಿಸಿದ್ದು ಒಂದು ಸೋಮವಾರ ಮುಂಜಾನೆ, ಬೆಟಗೇರಿಯ ನಮ್ಮ ಮನೆಯ ಮುಂದೆ, ಒಂದು ಕೈಯಲ್ಲಿ ಸ್ಕ್ರೂಡ್ರೈವರ್ ಇನ್ನೊಂದು ಕೈಯಲ್ಲಿ ಚಹಾದ ಕಪ್ಪು ಹಿಡಿದು. ಸಭೆಯಲ್ಲಿ ಇದ್ದವರು ಇಬ್ಬರೇ. ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದ ನನ್ನ ಅವ್ವ ರತ್ನವ್ವ, ಮತ್ತು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ರೋಹಿಣಿ. ಅವ್ವನಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ರೋಹಿಣಿಗೆ ಚೆನ್ನಾಗಿಯೇ ಕೇಳಿಸಿತ್ತು.

"ಮಿಕ್ಸರ್ ಬಿಚ್ಚಿದಾಗೂ ಇದನ್ನ ಅಂದಿದ್ರಿ. ಅದರ ತಳ ಅಟ್ಟದ ಮ್ಯಾಲ ಐತಿ. ಮುಚ್ಚಳ ಎಲ್ಲಿ ಹೋತು ಅಂತ ಯಾರಿಗೂ ಖಬರಿಲ್ಲ."

"ಅದು ಮಿಕ್ಸರ್, ಇದು ಕಾರು!"

"ಅದಕ್ಕ ಹೇಳಾಕತ್ತೀನಿ. ಕಾರು ಅಟ್ಟದಾಗ ಹಿಡಿಸಂಗಿಲ್ಲ."

ಓದುಗರೇ, ಕಥೆಯನ್ನು ಮೊದಲಿನಿಂದ ಹೇಳುವುದೇ ಒಳ್ಳೆಯದು. ನಾನು ಲಕ್ಷ್ಮೇಶ್ವರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಹೋಗುವುದು ನಲವತ್ತು ಕಿಲೋಮೀಟರು, ಬರುವುದು ನಲವತ್ತು. ಇಷ್ಟು ವರ್ಷ ಬಸ್ಸಿನಲ್ಲಿ, ಅದೂ ಬಹುಮಟ್ಟಿಗೆ ನಿಂತುಕೊಂಡು ಹೋದೆ. ಹೋದ ವರ್ಷ ಎರಡೂ ಮೊಣಕಾಲು ಮುಷ್ಕರ ಹೂಡಿದವು. ಗದಗಿನ ಡಾಕ್ಟರು ಫೋಟೋ ತೆಗೆಸಿ ನೋಡಿ, "ನಿಮ್ಮ ಮೊಣಕಾಲು ನಿಮಗಿಂತ ಇಪ್ಪತ್ತು ವರ್ಷ ಹಿರೇರು ಆಗ್ಯಾರ. ಅವಕ್ಕ ಸ್ವಲ್ಪ ವಿಶ್ರಾಂತಿ ಕೊಡ್ರಿ," ಎಂದರು.

ವಿಶ್ರಾಂತಿ! ಶಾಲೆಯ ಎಲ್ಲ ಮಾಸ್ತರರ ರಜೆ ಅರ್ಜಿಗಳೂ ನನ್ನ ಮೇಜಿನ ಮೇಲಿಂದಲೇ ಹೋಗುತ್ತವೆ. ಸಾಂದರ್ಭಿಕ ರಜೆ, ಗಳಿಕೆ ರಜೆ, ಅರ್ಧವೇತನ ರಜೆ, ಹೆಂಡತಿಯ ತಂಗಿಯ ಮದುವೆಯ ರಜೆ. ಎಲ್ಲವನ್ನೂ ಬರೆದು ಮುಂದೆ ಕಳಿಸಿದ್ದೇನೆ. ನನ್ನ ಈ ಎರಡು ಕಾಲಿಗೆ ಮಾತ್ರ ಐವತ್ತೆರಡು ವರ್ಷದಲ್ಲಿ ಒಂದು ತಾಸಿನ ರಜೆಯೂ ಮಂಜೂರಾಗಿರಲಿಲ್ಲ. ಮೊದಲು ಅಪ್ಪನ ಮಗ್ಗ, ಆಮೇಲೆ ಬಸ್ಸು. ನನಗೆ ಬೇಕಾಗಿದ್ದು ಬಂಗಲೆಯಲ್ಲ, ಬಂಗಾರವಲ್ಲ. ದಿನಕ್ಕೆ ಒಂದು ತಾಸು ಕಾಲು ಸುಮ್ಮನಿರಬೇಕು. ಅಷ್ಟೇ.

ಆ ಹೊತ್ತಿಗೆ ಸರಿಯಾಗಿ ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿ ತನ್ವೀರ ತನ್ನ ಹನ್ನೆರಡು ವರ್ಷದ ಕಾರು ಮಾರುವುದಕ್ಕೆ ನಿಂತಿದ್ದ.

"ಸರ, ಇದರಾಗ ಕ್ರೂಸ್ ಕಂಟ್ರೋಲ್ ಐತ್ರಿ," ಎಂದ ಅವನು. "ವೇಗ ಅರವತ್ತಕ್ಕ ಬಂತಂದ್ರ ಈ ಗುಂಡಿ ಒತ್ತಿ ಕಾಲು ತಗದು ಬಿಡ್ರಿ. ಹಸಿರು ದೀಪ ಹತ್ತತೈತಿ. ಗಾಡಿ ಅರವತ್ತರಾಗ ತನ್ನಷ್ಟಕ್ಕ ತಾನ ಹೋಗತೈತಿ. ನಿಮ್ಮ ಕಾಲು ಎರಡೂ ಆರಾಮ!"

ಕಾಲು ಎರಡೂ ಆರಾಮ! ಆ ಮಾತು ಕಿವಿಗೆ ಬಿದ್ದ ಮೇಲೆ ನಾನು ಇಂಜಿನ್ ನೋಡಲಿಲ್ಲ, ಟೈರ್ ಒದೆಯಲಿಲ್ಲ. ಕೀಲಿ ತೆಗೆದುಕೊಂಡು ಮನೆಗೆ ಬಂದೆ.

"ಗದಗದಿಂದ ಲಕ್ಷ್ಮೇಶ್ವರಕ್ಕ ಎಷ್ಟು ಹಂಪ್ ಅದಾವ ಎಣಿಸೀರೇನು?" ಎಂದು ರೋಹಿಣಿ ಕೇಳಿದಳು. "ಹಂಪ್ ಮುಗದ್ರ ಕುರಿ. ಕುರಿ ಮುಗದ್ರ ಟ್ರಾಕ್ಟರ್. ಸುಗ್ಗ್ಯಾಗ ರಸ್ತೆ ತುಂಬ ರಾಶಿ. ಆ ಗುಂಡಿ ಒತ್ತಾಕ ಜಾಗಾ ಎಲ್ಲೈತ್ರಿ?"

ಜಾಗ ಇತ್ತು. ಮುಳಗುಂದ ದಾಟಿದ ಮೇಲೆ ಬಿಳಲು ಬಿಟ್ಟ ಒಂದು ಆಲದ ಮರದಿಂದ ಆಚೆಗೆ ನೆಟ್ಟಗಿನ ದಾರಿ ಇದೆ, ಎರಡೂ ಕಡೆ ಎರೆಹೊಲ. ಮೊದಲ ದಿನ ಅಲ್ಲಿಗೆ ಬಂದು, ಮನಸ್ಸಿನಲ್ಲೇ ಕೈಮುಗಿದು, ಗುಂಡಿ ಒತ್ತಿದೆ. ಹಸಿರು ದೀಪ ಹತ್ತಿತು. ಕಾಲು ತೆಗೆದೆ. ಕಾರು ತಾನೇ ಓಡಿತು! ಆಹಾ, ಎಂದು ಸೀಟಿಗೆ ಒರಗಿದೆ. ಪೂರ್ತಿ ಒರಗುವ ಮೊದಲೇ ದೀಪ ಆರಿ, ಕಾರು ಮುನಿಸಿಕೊಂಡ ಅಳಿಯನ ಹಾಗೆ ನಿಧಾನವಾಗತೊಡಗಿತು. ಮತ್ತೆ ಒತ್ತಿದೆ. ಹತ್ತಿತು. ಮತ್ತೆ ಆರಿತು. ಲಕ್ಷ್ಮೇಶ್ವರ ಮುಟ್ಟುವಷ್ಟರಲ್ಲಿ ಹನ್ನೊಂದು ಸಲ ಹತ್ತಿ ಹನ್ನೊಂದು ಸಲ ಆರಿತ್ತು.

ಒಂದು ವಾರ ಇದೇ ಹಾಡು. ಮನೆಯಲ್ಲಿ ಊಟಕ್ಕೆ ಕುಳಿತರೂ ಅದೇ ಮಾತು, ಎದ್ದರೂ ಅದೇ ಮಾತು. ಕೊನೆಗೆ ರೋಹಿಣಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೇರವಾಗಿ ಹೇಳಿದಳು.

"ಮುಂದಿನ ವಾರ ಗುರುವಾರ ಬೆಳ್ಳಟ್ಟ್ಯಾಗ ಮಂಜವ್ವನ ಮಗಳ ಕುಬಸ ಐತಿ. ಅಷ್ಟರಾಗ ಇದು ಸುದ್ದ ಆಗಬೇಕು. ಇಲ್ಲಂದ್ರ ಶುಕ್ರವಾರ ತನ್ವೀರಗ ಕೀಲಿ ವಾಪಸ್ ಕೊಟ್ಟು ನೀವು ಬಸ್ಸಿಗೆ ಹೋಗ್ರಿ. ಹೆಂಗೂ ಅಂವ ಒಂದು ತಿಂಗಳ ವಾಯಿದೆ ಕೊಟ್ಟಾನ. ನನಗ ಈ ವೈರು, ಫ್ಯೂಸು ಕೇಳಿ ಕೇಳಿ ಸಾಕಾಗೇತಿ."

ಮಂಜವ್ವ ನನ್ನ ಅಕ್ಕ; ಬಸುರಿ ಮಗಳ ಸೀಮಂತಕ್ಕೆ ನಮ್ಮ ಕಡೆ ಕುಬಸ ಎನ್ನುತ್ತಾರೆ. ಬಸ್ಸು ಎಂದರೆ ಮತ್ತೆ ನಿಲ್ಲುವುದು. ನನ್ನ ಮೊಣಕಾಲು ಆ ಮಾತು ಕೇಳಿಯೇ ಕಟ್ಟೆಂದವು. ಆದ್ದರಿಂದಲೇ ಆ ಸೋಮವಾರದ ಘೋಷಣೆ, ಆ ಸ್ಕ್ರೂಡ್ರೈವರ್.

ಮೊದಲು ಫ್ಯೂಸುಗಳನ್ನೆಲ್ಲ ಕಿತ್ತು, ಒರೆಸಿ, ಮತ್ತೆ ಹಾಕಿದೆ. ಆಮೇಲೆ ಸ್ಟಿಯರಿಂಗಿನ ಹಿಂದಿನ ಮುಚ್ಚಳ ಬಿಚ್ಚಿ, ಗುಂಡಿಗೆ ಹೋಗುವ ವೈರುಗಳನ್ನು ಎಳೆದೆಳೆದು ನೋಡಿದೆ. ಎಲ್ಲವೂ ಗಟ್ಟಿಯಾಗಿದ್ದವು, ನಾನು ಎಳೆಯುವ ತನಕ. ಮುಚ್ಚಳ ಹಾಕಿದ ಮೇಲೆ ಕಾರು ಹೊಸದೊಂದು ವಿದ್ಯೆ ಕಲಿತಿತ್ತು. ಎಡಕ್ಕೆ ತಿರುಗಿಸಿದರೆ ಸಾಕು, ತಾನಾಗಿಯೇ ಹಾರ್ನ್ ಹೊಡೆಯುತ್ತಿತ್ತು!

ನಮ್ಮ ಶಾಲೆಗೆ ತಿರುಗುವುದು ಎಡಕ್ಕೇ. ಮರುದಿನ ಮುಂಜಾನೆ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ, ಊರಿಗೆ ಯಾರೋ ಮಂತ್ರಿ ಬಂದಂತೆ ಪೋಂ ಎನ್ನುತ್ತ ಗೇಟಿನೊಳಗೆ ನನ್ನ ಪ್ರವೇಶವಾಯಿತು. ನಾನೂರು ಮಕ್ಕಳು ಕಣ್ಣು ಮುಚ್ಚಿಕೊಂಡು ನಿಂತಿದ್ದರು. ನಾನೂರು ಮಕ್ಕಳೂ ಕಣ್ಣು ತೆರೆದರು.

ಆಫೀಸಿನಲ್ಲಿ ನನ್ನ ಎದುರಿಗೆ, ಅದೇ ಉದ್ದ ಮೇಜಿಗೆ, ಇನ್ನೊಬ್ಬ ಗುಮಾಸ್ತೆ ನಸ್ರೀನ ಮೇಡಂ ಕೂರುತ್ತಾರೆ. ಅವರಿಗೆ ನನ್ನ ಸಂಕಟ ತೋಡಿಕೊಂಡೆ.

"ಕಾರು ಆಮ್ಯಾಲ ನೋಡ್ರಿ ಸರ," ಎಂದರು ಅವರು ಬೇಸತ್ತ ದನಿಯಲ್ಲಿ. "ಮೊದಲ ಈ ಮೇಜಿಗೆ ಏನರ ದಾರಿ ಮಾಡ್ರಿ. ನೀವು ರಜಾ ಇದ್ದ ದಿನ ಗಟ್ಟಿ ಇರತೈತಿ. ನೀವು ಕುಂತ್ರಿ ಅಂದ್ರ ಗಡಗಡ ಅಲುಗಾಡತೈತಿ. ನನ್ನ ಚಹಾ ಕಪ್ಪಿನಿಂದ ತುಳುಕಿ ಕೆಳಗಿನ ಬಸಿಗೇ ಹೋಗತೈತಿ."

"ಕಾಲಿಗೆ ಕಾಗದ ಮಡಚಿ ಇಡಸ್ತೀನ್ರಿ ಮೇಡಂ."

"ನಾಕು ಕಾಲಿಗೂ ಇಡಿಸೀರಿ, ಮೂರು ವರ್ಷದಿಂದ."

ಮೇಜಿನ ಚಿಂತೆ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಂದು ಸಂಜೆ ಮರಳುವಾಗ ಮುಳಗುಂದದ ಚಹಾದಂಗಡಿಯ ಹತ್ತಿರ ಒಂದು ಸಾಮಾನಿನ ಗಾಡಿ ನನ್ನನ್ನು ಹಿಂದೆ ಹಾಕಿ ಅಡ್ಡ ನಿಂತಿತು. ಇಳಿದವನು ಹೊಂಬಳದ ಗೋಣೆಪ್ಪ, ದಿನಾ ಲಕ್ಷ್ಮೇಶ್ವರದ ಪ್ಯಾಟಿಗೆ ಚೀಲ ಹೊರುವ ಡ್ರೈವರು.

"ಸರ, ನಿಮಗ ಕೈ ಮುಗೀತೀನಿ," ಎಂದ. "ನಿಮ್ಮ ಹಿಂದಿನ ಕೆಂಪು ದೀಪ ಪಕ್ ಪಕ್ ಪಕ್ ಅಂತ ಹತ್ತಿ ಆರತೈತ್ರಿ. ಮುಂದ ನೋಡಿದ್ರ ರಸ್ತೆ ಖಾಲಿ, ನಾಯಿನೂ ಇಲ್ಲ. ನಿಮ್ಮ ಹಿಂದ ಬಂದು ಬಂದು, ನಾನೂ ಬ್ರೇಕ್ ಒತ್ತಿ ಒತ್ತಿ, ನನ್ನ ಕಾಲು ಸೋತು ಹೋದ್ವು!"

ನಾನು ಅವನನ್ನು ಅಪ್ಪಿಕೊಳ್ಳುವುದೊಂದು ಬಾಕಿ. ಸಾಕ್ಷಿ ಸಿಕ್ಕಿತು! ನಾನು ಬ್ರೇಕ್ ಒತ್ತದೆ ಬ್ರೇಕ್ ದೀಪ ಹತ್ತುತ್ತದೆ ಎಂದರೆ ವೈರಿನಲ್ಲೇ ದೋಷ! ಗೋಣೆಪ್ಪನಿಗೆ ಚಹಾ ಕುಡಿಸಿ, ಅಲ್ಲಿಂದಲೇ ಮುಂಡರಗಿ ರಸ್ತೆಯ ಮೆಕ್ಯಾನಿಕ್ ಶಫೀಕನಿಗೆ ಫೋನ್ ಮಾಡಿದೆ.

ಶಫೀಕ ಮನೆಗೇ ಬಂದ. ಕಾರಣವಿತ್ತು. ನಮ್ಮ ಕಾರು ನಿಲ್ಲುವುದು ಮೊದಲು ಮಗ್ಗವಿದ್ದ ಕೋಣೆಯಲ್ಲಿ. ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿ ಅಲ್ಲಿ ಇನ್ನೂ ಹಾಗೆಯೇ ಇದೆ, ಮೇಲೆ ಕಲ್ಲು ಹಾಸಿದ್ದೇವೆ. ಕಲ್ಲು ಸರಿಸಿದರೆ ಕಾರಿನ ಹೊಟ್ಟೆಯ ಕೆಳಗೆ ಸೊಂಟದ ಮಟ್ಟ ಇಳಿದು ನೋಡಬಹುದು. ಅಪ್ಪ ಗೋಪಣ್ಣ ನಲವತ್ತು ವರ್ಷ ಕುಳಿತ ಕುಣಿಯಲ್ಲಿ ಶಫೀಕ ಇಳಿದು ನಿಂತು, ಒಂದು ತಾಸು ಟಾರ್ಚ್ ಬಿಟ್ಟು ನೋಡಿದ. ಆಮೇಲೆ ಕಾರಿನೊಳಗೆ ತಲೆ ಹಾಕಿ, ಬ್ರೇಕಿಗೆ ಒಂದು, ಕ್ಲಚ್ಚಿಗೆ ಒಂದು, ಎರಡು ಹೊಸ ಸ್ವಿಚ್ಚು ಹಾಕಿದ.

"ವೈರು ಬರೋಬರಿ ಐತ್ರಿ ಸರ. ಇವು ಹಳೇವೂ ಚಲೋನ ಇದ್ದುವು, ಆದ್ರೂ ಬದಲಿ ಮಾಡೀನಿ," ಎಂದ. "ಈ ಕ್ರೂಸ್ ಅನ್ನೂದು ಭಾಳ ಸೂಕ್ಷ್ಮ. ಬ್ರೇಕಿಗಾಗಲಿ ಕ್ಲಚ್ಚಿಗಾಗಲಿ ಬೆರಳಷ್ಟು ಕಾಲು ತಾಕಿದ್ರ ಸಾಕು, ಬಿಟ್ಟ ಬಿಡತೈತಿ. ನೀವೇನರ ಅವುಗಳ ಮ್ಯಾಲ ಕಾಲು ಇಡ್ತೀರೇನ್ರಿ?"

"ನಾನಾ?" ನನಗೆ ಸಿಟ್ಟೇ ಬಂತು. "ಗುಂಡಿ ಒತ್ತಿದ ಮ್ಯಾಲ ನನ್ನ ಕಾಲು ಕಲ್ಲಿನ ಬಸವಣ್ಣ ಇದ್ದಂಗ ಇರತಾವು! ಅದಕ್ಕಂತನ ಈ ಗಾಡಿ ತಗೊಂಡೀನೋ!"

ಪರೀಕ್ಷೆಗೆ ಮುಂಡರಗಿ ರಸ್ತೆಗೆ ಹೋದೆವು. ಶಫೀಕ ಓಡಿಸಿದ. ದೀಪ ಹತ್ತಿತು. ಡಂಬಳದ ಕಡೆಯ ತಿರುವಿನ ತನಕ ಆರಲೇ ಇಲ್ಲ! ನನ್ನ ಕಣ್ಣಲ್ಲಿ ನೀರು ಬಂತು. ಅಲ್ಲಿಂದ ನಾನು ಕುಳಿತೆ. ಅರ್ಧ ನಿಮಿಷಕ್ಕೆ ದೀಪ ಆರಿತು. ಮತ್ತೆ ಶಫೀಕ, ಹತ್ತಿತು. ಮತ್ತೆ ನಾನು, ಆರಿತು. ಹೀಗೆ ಮೂರು ಸಲ ಸೀಟು ಬದಲಿಸಿದೆವು. ಇಬ್ಬರೂ ಕಣ್ಣು ರೆಪ್ಪೆ ಬಡಿಯದೆ ಆ ಹಸಿರು ದೀಪವನ್ನೇ ನೋಡುತ್ತಿದ್ದೆವು.

"ಸರ, ತಪ್ಪು ತಿಳಕೋಬ್ಯಾಡ್ರಿ," ಎಂದ ಶಫೀಕ ಕೊನೆಗೆ, ತಲೆ ಕೆರೆದುಕೊಳ್ಳುತ್ತ. "ಗಾಡ್ಯಾಗ ಏನೂ ಇಲ್ಲ. ಗಾಡಿಗೆ ನಿಮ್ಮ ಮ್ಯಾಲ ಏನೋ ಸಿಟ್ಟೈತಿ. ಕೆಲವರ ಮೈಯಾಗ ಕರೆಂಟ್ ಜಾಸ್ತಿ ಇರತೈತಂತ."

ದಣಿದ ಮನುಷ್ಯ ಏನನ್ನು ಬೇಕಾದರೂ ನಂಬುತ್ತಾನೆ. ಬುಧವಾರ ಉಂಗುರ ತೆಗೆದಿಟ್ಟು ಹೋದೆ. ಗುರುವಾರ ಕೈಗಡಿಯಾರ. ಶುಕ್ರವಾರ, ಹೇಳಲು ನಾಚಿಕೆ, ಬೆಳ್ಳಿಯ ಉಡದಾರವನ್ನೂ ಬಿಚ್ಚಿಟ್ಟು ಹೋದೆ. ದೀಪ ಆರಿದ್ದು ಆರಿದ್ದೇ. ದಾರಿಯುದ್ದಕ್ಕೂ ಪ್ಯಾಂಟು ಜಾರಿದ್ದು ಜಾರಿದ್ದೇ.

"ನಿಮ್ಮ ಮೈಯಾಗ ಕರೆಂಟ್ ಇದ್ದಿದ್ರ ನಿನ್ನೆ ಲೈಟು ಹೋದಾಗ ನಿಮ್ಮನ್ನ ಅಡಗಿಮನ್ಯಾಗ ನಿಂದ್ರಸ್ತಿದ್ದೆ," ಎಂದಳು ರೋಹಿಣಿ.

ಇನ್ನು ಉಳಿದದ್ದು ಸೀಟು. ನನ್ನ ಭಾರಕ್ಕೆ ಸೀಟಿನ ಕೆಳಗಿನ ವೈರು ನಲುಗುತ್ತಿರಬಹುದು ಎಂಬ ಮಹಾ ಸಿದ್ಧಾಂತವನ್ನು ನಾನೇ ಕಂಡುಹಿಡಿದು, ಭಾನುವಾರ ಡ್ರೈವರ್ ಸೀಟನ್ನೇ ಬಿಚ್ಚಿ ಕಟ್ಟೆಯ ಮೇಲಿಟ್ಟೆ. ಕೆಳಗೆ ಸಿಕ್ಕಿದ್ದು ತನ್ವೀರನ ಕಾಲದ ಎರಡು ಹಿಡಿ ಜೋಳ ಮತ್ತು ಒಂದು ಬಾಚಣಿಗೆ. ತಿರುಗಿ ನೋಡಿದರೆ ಅವ್ವ ಸೀಟಿನ ಮೇಲೆ ಕುಳಿತು, ಒರಗಿ, ಮೊರ ತೊಡೆಯ ಮೇಲಿಟ್ಟುಕೊಂಡಿದ್ದಳು.

"ಏಳಬೇ, ಅದನ್ನ ಹಚ್ಚಬೇಕು."

"ಇರಲಿ ಬಿಡೋ. ಸೊಂಟಕ್ಕ ಭಾಳ ಆರಾಮಾಗೇತಿ. ನಿನಗ ಇದರಿಂದ ಏನೂ ಆರಾಮಿಲ್ಲಂತಲ್ಲ."

ಸೀಟು ಮರಳಿ ಪಡೆಯುವುದಕ್ಕೆ ಮೂರು ದಿನ ಬೇಕಾಯಿತು. ಆ ಮೂರು ದಿನ ಬಸ್ಸಿಗೆ ಹೋದೆ. ನಿಂತುಕೊಂಡೇ.

ಬುಧವಾರ ಸಂಜೆ ಸೀಟು ಹಚ್ಚಿ ಮುಗಿಸಿ ಅದರ ಮೇಲೆಯೇ ಕುಳಿತುಬಿಟ್ಟೆ. ಮೊಣಕಾಲು ಬಾತಿದ್ದವು. ನಾಳೆ ಕುಬಸ, ನಾಡಿದ್ದು ತನ್ವೀರನಿಗೆ ಕೀಲಿ. ಖರೆ ಹೇಳುತ್ತೇನೆ, ಆಗ ನನಗೆ ಅಳು ಬಂತು. ಊರಲ್ಲಿ ಎಲ್ಲರ ಕಾರೂ ಅವರವರ ಮಾತು ಕೇಳುತ್ತವೆ. ನಾನು ಕೇಳಿದ್ದು ಒಂದೇ ಒಂದು ತಾಸು, ಅದೂ ಇಲ್ಲ ಎಂದರೆ ಹೇಗೆ? ರೋಹಿಣಿ ಬಂದು ಕಿಟಕಿಯಲ್ಲಿ ಇಣುಕಿದಳು. "ಊಟಕ್ಕ ಬರ್ರಿ," ಎಂದಷ್ಟೇ ಹೇಳಿ ಹೋದಳು. ಅವಳು ಬಯ್ಯದೆ ಹೋದದ್ದು ಇನ್ನೂ ಕಷ್ಟವಾಯಿತು.

ಗುರುವಾರ ಹೊರಟೆವು. ಹಿಂದೆ ಕೂತರೆ ವಾಂತಿಯಾಗುತ್ತದೆಂದು ಅವ್ವ ನನ್ನ ಪಕ್ಕಕ್ಕೆ, ಮುಂದಿನ ಸೀಟಿಗೆ. ಕುಬಸದ ಬುತ್ತಿ, ಸೀರೆ, ಹಸಿರು ಬಳೆ ತೊಡೆಯ ಮೇಲಿಟ್ಟುಕೊಂಡು ರೋಹಿಣಿ ಹಿಂದೆ. ಎಡಕ್ಕೆ ಒಂದು ತಿರುವು ಬಂತು, ಕಾರು ಪೋಂ ಎಂದಿತು. ಎಲ್ಲರಿಗೂ ರೂಢಿಯಾಗಿತ್ತು.

ಮುಳಗುಂದ ದಾಟಿತು. ಆಲದ ಮರ ಬಂತು. ಇದೇ ಕೊನೆಯ ಸಲ ಎಂದುಕೊಂಡು ಗುಂಡಿ ಒತ್ತಿದೆ. ಹಸಿರು ದೀಪ ಹತ್ತಿತು. ಕಾಲು ತೆಗೆದೆ. ದೀಪವನ್ನೇ ನೋಡುತ್ತ, ಉಸಿರು ಬಿಗಿಹಿಡಿದು ಕುಳಿತೆ.

"ಪ್ರಭ್ಯಾ," ಎಂದಳು ಅವ್ವ.

"ಸುಮ್ನಿರಬೇ. ದೀಪ ನೋಡಾಕತ್ತೀನಿ."

"ದೀಪ ನೋಡಕೋತ ಇರು. ಎಡಗಾಲು ಜಲ್ದಿ ಬಿಡಾಕತ್ತೀಯಲ್ಲೋ. ಸೀರೀ ದಡಿ ಕೆಡತೈತಿ."

ದೀಪ ಆರಿತು.

ನಾನು ನಿಧಾನವಾಗಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಇಷ್ಟು ದಿನಗಳಲ್ಲಿ ಮೊದಲ ಸಲ, ಕೆಳಗೆ ನೋಡಿದೆ. ಎಡಗಾಲು ಕ್ಲಚ್ಚಿನ ಮೇಲೆ. ಬಲಗಾಲು ಬ್ರೇಕಿನ ಮೇಲೆ. ಕಾರು ನಿಂತಿತ್ತು. ಕಾಲು ನಿಂತಿರಲಿಲ್ಲ! ಎಡ, ಬಲ. ಎಡ, ಬಲ. ನನ್ನನ್ನು ಒಂದು ಮಾತೂ ಕೇಳದೆ ಅವು ಮಗ್ಗದ ಹಲಗೆ ತುಳಿಯುತ್ತಿದ್ದವು.

"ಇಂವಗ ಸಣ್ಣಾಂವ ಇದ್ದಾಗಿಂದ ಇದ ಚಟ," ಎಂದು ಅವ್ವ ಹಿಂದಕ್ಕೆ ತಿರುಗಿ ಸೊಸೆಗೆ ಹೇಳಿದಳು. "ಕೈ ಖಾಲಿ ಆತಂದ್ರ ಕಾಲು ನೇಯಾಕ ಸುರು. ಲಾಳಿ ಆ ಕಡೆ ಮುಟ್ಟೂಕಿಂತ ಮೊದಲ ಎಡಗಾಲು ಬಿಡತಿದ್ದ. ಇವರಪ್ಪ ಎಷ್ಟು ಬೈದ್ರೂ ಬಿಡಲಿಲ್ಲ."

ಹಿಂದಿನ ಸೀಟಿನಿಂದ ರೋಹಿಣಿ ಕೇಳಿದಳು.

"ಅಂದ್ರ ಅತ್ತೀ, ಇವರು ಹಾಸಿಗ್ಯಾಗ ನನಗ ಒದಿಯೂದು?"

"ಅದೂ ನೇಯ್ಗೀನ ವಾ."

"ಅಯ್ಯ, ಇಪ್ಪತ್ತಾರು ವರ್ಷ ಒದಿಸಿಕೊಂಡೀನಿ! ಒಂದ ಒಂದು ಸೀರೀನೂ ಕೈಗೆ ಬರಲಿಲ್ಲಲ್ಲ!"

ಇಬ್ಬರೂ ನಕ್ಕರು. ಹಸಿರು ಬಳೆಗಳು ಡಬ್ಬದಲ್ಲಿ ಗಲಗಲ ಎನ್ನುವಷ್ಟು ನಕ್ಕರು. ನನ್ನ ತಲೆಯಲ್ಲಿ ಮಾತ್ರ ಒಂದೊಂದೇ ಸಾಕ್ಷಿ ಎದ್ದು ನಿಲ್ಲುತ್ತಿತ್ತು. ಗೋಣೆಪ್ಪ ಕಂಡ ಕೆಂಪು ದೀಪ. ನಸ್ರೀನ ಮೇಡಂ ಬಸಿಯಿಂದ ಕುಡಿದ ಮೂರು ವರ್ಷದ ಚಹಾ. ಬೆರಳಷ್ಟು ತಾಕಿದರೂ ಸಾಕು ಎಂದ ಶಫೀಕ, ಮತ್ತು ಅವನಿಗೆ ನಾನು ಹೇಳಿದ ಆ ಕಲ್ಲಿನ ಬಸವಣ್ಣ! ಉಂಗುರ ಬಿಚ್ಚಿದೆ, ಉಡದಾರ ಬಿಚ್ಚಿದೆ, ಸೀಟು ಬಿಚ್ಚಿದೆ. ಕೆಟ್ಟಿದ್ದ ಸಾಮಾನನ್ನು ಮಾತ್ರ ಬೂಟಿನೊಳಗೆ ಭದ್ರವಾಗಿ ಇಟ್ಟುಕೊಂಡು ಓಡಾಡಿದೆ.

ನಗು ಬರಲಿಲ್ಲ ಅಂತಲ್ಲ. ಆದರೆ ನಮ್ಮ ಮಗ್ಗ ಬಿಚ್ಚಿ ಇಪ್ಪತ್ನಾಲ್ಕು ವರ್ಷವಾಯಿತು. ಅಪ್ಪ ಹೋಗಿ ಇಪ್ಪತ್ತು. ಎಲ್ಲರಿಗೂ ಗೊತ್ತು. ಕಾಲಿಗೆ ಯಾರೂ ತಿಳಿಸಿರಲಿಲ್ಲ.

"ಇನ್ನೊಮ್ಮೆ ನೋಡ್ತೀನಿ ತಡೀರಿ," ಎಂದು ಹಟದಿಂದ ಮತ್ತೆ ಹೊರಟೆ. ಗುಂಡಿ ಒತ್ತಿದೆ. ಎರಡೂ ಪಾದಗಳನ್ನು ನೆಲಕ್ಕೆ ಅಂಟಿಸಿ, ಹಲ್ಲು ಕಚ್ಚಿ, ಮನಸ್ಸನ್ನೆಲ್ಲ ಅಂಗಾಲಿಗೆ ತಂದೆ. ಒಂದು ಕಿಲೋಮೀಟರು ದೀಪ ಆರಲಿಲ್ಲ. ನಾನು ಬೆವತು ನೀರಾದೆ. ಕಾಲು ತುಳಿಯುವುದಕ್ಕಿಂತ ತುಳಿಯದಂತೆ ಹಿಡಿಯುವುದು ಹತ್ತು ಪಟ್ಟು ದಣಿವು! ಎದುರಿಗೆ ಕುರಿಹಿಂಡು ಬಂದದ್ದೇ ಪುಣ್ಯ, ಬ್ರೇಕ್ ಒತ್ತಿ ಸಮಾಧಾನದ ಉಸಿರು ಬಿಟ್ಟೆ.

"ಇಳೀರಿ," ಎಂದಳು ರೋಹಿಣಿ.

"ಯಾಕ?"

"ನಾ ಹೊಡೀತೀನಿ."

"ನೀನಾ? ನಿನಗೆಲ್ಲಿ ಬರತೈತಿ?"

"ಶಿರಹಟ್ಟ್ಯಾಗ ನಮ್ಮಣ್ಣನ ಗಾಡಿ ಮ್ಯಾಲ ಕಲತೀನಿ. ಲೈಸನ್ಸ್ ತಗೊಂಡು ನಾಕು ವರ್ಷ ಆತು. ನೀವು ಕೇಳಿಲ್ಲ, ನಾ ಹೇಳಿಲ್ಲ. ನಿಮಗ ವೈರು ಎಳ್ಯಾಕ ಹೊತ್ತು ಸಾಲತಿದ್ದಿಲ್ಲ."

ಅವ್ವ, ವಾಂತಿಯಾದರೆ ಆಗಲಿ ಎಂದು, ಬುತ್ತಿಯ ಪಕ್ಕಕ್ಕೆ ಹಿಂದೆ ಹೋದಳು. ನಾನು ಎಡಗಡೆಯ ಸೀಟಿಗೆ ಬಂದೆ. ರೋಹಿಣಿ ಸೆರಗು ಸಿಗಿಸಿಕೊಂಡು ಕುಳಿತಳು, ಅರವತ್ತು ಮುಟ್ಟಿಸಿದಳು, ಗುಂಡಿ ಒತ್ತಿದಳು, ಬಲಗಾಲನ್ನು ಬ್ರೇಕಿನ ಹತ್ತಿರ ನೆಲಕ್ಕೆ ಊರಿ ಸುಮ್ಮನಿಟ್ಟಳು. ಹಸಿರು ದೀಪ ಹತ್ತಿತು. ಆರಲಿಲ್ಲ. ಹಂಪ್ ಬಂದಾಗ ಬ್ರೇಕ್ ಒತ್ತಿದಳು, ದಾಟಿದ ಮೇಲೆ ಮತ್ತೆ ಗುಂಡಿ ಒತ್ತಿದಳು. ಅಷ್ಟು ಸುಲಭ!

"ಭಾಳ ಚಲೋ ಐತ್ರೀ ಇದು," ಎಂದಳು. "ಕಾಲು ಎರಡೂ ಆರಾಮ. ತನ್ವೀರಗ ಕೀಲಿ ಕೊಡೂದು ಬ್ಯಾಡ. ನೀವು ದಿನಾ ನನ್ನ ಬಾಜೂಕ ಕುಂಡ್ರಿ. ನನಗೂ ಲಕ್ಷ್ಮೇಶ್ವರದಾಗ ಹೊಲಿಗಿ ಕ್ಲಾಸ್ ನೋಡೂದಿತ್ತು."

ನಾನು ಸೀಟಿಗೆ ಒರಗಿದೆ. ಈ ಕಡೆ ಬ್ರೇಕಿಲ್ಲ, ಕ್ಲಚ್ಚಿಲ್ಲ. ಎರೆಹೊಲಗಳು ಹಿಂದಕ್ಕೆ ಸರಿದವು. ಕಣ್ಣು ಮುಚ್ಚಿಕೊಂಡೆ. ಕಾಲು ಏನು ಮಾಡುತ್ತಿವೆ ಎಂದು ನೋಡಲು ಹೋಗಲಿಲ್ಲ.

ಬೆಳ್ಳಟ್ಟಿಯಲ್ಲಿ ಅಕ್ಕನ ಮನೆಗೆ ಎಡಕ್ಕೆ ತಿರುಗಬೇಕು. ಕಾರು ಪೋಂ ಎನ್ನುತ್ತ ಓಣಿಯೊಳಗೆ ಹೋಗಿ ನಿಂತಿತು. ಹಾರ್ನ್ ಕೇಳಿ ಕುಬಸದ ಮನೆಯವರೆಲ್ಲ ಹೊರಗೆ ಬಂದು, ಡ್ರೈವರ್ ಸೀಟಿನಿಂದ ಇಳಿಯುತ್ತಿರುವ ರೋಹಿಣಿಯನ್ನು ಬಾಯಿ ತೆರೆದು ನೋಡಿದರು. ಅವಳು ಈ ಕಡೆ ಬಂದು ನನ್ನ ಬಾಗಿಲು ತೆರೆದಳು.

"ಊರು ಬಂತು, ಇಳೀರಿ. ಎಲ್ಲಾರೂ ನೋಡಾಕತ್ತಾರ."

ನಾನು ಕಣ್ಣು ತೆರೆದು ಏಳಲು ಹೋದೆ. ಹಿಂದಿನಿಂದ ಅವ್ವನ ಕೈ ನನ್ನ ಭುಜದ ಮೇಲೆ ಬಂತು. ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಬಗ್ಗಿ, ಸೀಟಿನ ಸಂದಿಯಿಂದ ನನ್ನ ಕಾಲನ್ನೇ ನೋಡುತ್ತಿದ್ದಳು.

"ತಡೀ ರೋಹಿಣಿ," ಎಂದಳು. "ಸೀರಿ ಇನ್ನ ಒಂದು ಗೇಣು ಐತಿ. ಮುಗಿಸಿ ಇಳೀಲಿ."